ಪರಮ ಪ್ರಸಾದ

ಪರಮ ಪ್ರಸಾದ ಅಥವಾ ಯೂಕರಿಸ್ಟ್ ಎಂಬುದು ಕ್ರೈಸ್ತ ಧರ್ಮದ ಪ್ರಧಾನ ಆರಾಧನಾ ವಿಧಿಯಾಗಿದೆ. ಯೇಸು ಕ್ರಿಸ್ತರು ತಮ್ಮ ಮರಣದ ಹಿಂದಿನ ರಾತ್ರಿ ಶಿಷ್ಯರೊಡನೆ ಮಾಡಿದ ಕೊನೆಯ ಭೋಜನವನ್ನು ಸ್ಮರಿಸಿ, ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಪ್ರಾರ್ಥನೆಯೊಂದಿಗೆ ಅರ್ಪಿಸಿ ಹಂಚಿಕೊಳ್ಳುವುದು ಇದರ ಮೂಲ ಸ್ವರೂಪ. ಕಥೋಲಿಕ ಮತ್ತು ಆರ್ಥೊಡಾಕ್ಸ್ ಧರ್ಮಸಭೆಗಳಲ್ಲಿ ಇದು ಏಳು ಸಂಸ್ಕಾರಗಳಲ್ಲಿ ಒಂದು. ಬಹುತೇಕ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ದೀಕ್ಷಾಸ್ನಾನದ ಜೊತೆಗೆ ಉಳಿದುಕೊಂಡ ಎರಡು ಸಂಸ್ಕಾರಗಳಲ್ಲಿ ಒಂದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಹೊರಡಿಸಿದ ಧರ್ಮಸಭೆಯ ಕುರಿತ ಸಂವಿಧಾನವು ಇದನ್ನು ಕ್ರೈಸ್ತ ಜೀವನದ ಉಗಮವೂ ಶಿಖರವೂ ಆಗಿ ಗುರುತಿಸಿದೆ.

ಈ ವಿಧಿಯ ಅರ್ಥವು ದೇವಾಲಯದೊಳಗಿನ ಆಚರಣೆಗೆ ಸೀಮಿತವಾಗಿಲ್ಲ. ಒಂದೇ ರೊಟ್ಟಿಯನ್ನು ಹಂಚಿಕೊಂಡವರು ಹೊರಗೆ ಬಂದ ಮೇಲೆ ಪರಸ್ಪರ ಹೇಗೆ ಬಾಳುತ್ತಾರೆ, ಹಸಿದವರನ್ನು ಹೇಗೆ ಕಾಣುತ್ತಾರೆ ಎಂಬುದು ಅದರ ಅವಿಭಾಜ್ಯ ಅಂಗವೆಂದು ಮೊದಲನೆಯ ಶತಮಾನದಿಂದಲೂ ಬೋಧಿಸಲಾಗಿದೆ. ಕರ್ನಾಟಕದಲ್ಲಿ, ಅದರಲ್ಲೂ ಪ್ರಸಾದ ಮತ್ತು ದಾಸೋಹಗಳ ಪರಂಪರೆ ಆಳವಾಗಿ ಬೇರೂರಿರುವ ಶಿಕಾರಿಪುರ, ಸೊರಬದಂತಹ ಪ್ರದೇಶಗಳಲ್ಲಿ, ಈ ವಿಧಿಗೆ ಸಂದಿರುವ ಕನ್ನಡದ ಹೆಸರೇ ಅದರ ಅರ್ಥವನ್ನು ತಿಳಿಯಲು ಒಂದು ಮಾರ್ಗವಾಗಿದೆ.

ಹೆಸರುಗಳು

ಯೂಕರಿಸ್ಟ್ ಎಂಬ ಪದವು ಕೃತಜ್ಞತಾ ಸಮರ್ಪಣೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ಕೊನೆಯ ಭೋಜನದಲ್ಲಿ ಯೇಸು ರೊಟ್ಟಿಯನ್ನು ತೆಗೆದುಕೊಂಡು ದೇವರಿಗೆ ಕೃತಜ್ಞತೆ ಸಲ್ಲಿಸಿದರೆಂಬ ವಿವರಣೆಯೇ ಈ ಹೆಸರಿಗೆ ಆಧಾರ. ಕನ್ನಡ ಕಥೋಲಿಕರು ಆರಾಧನೆಯ ಪೂರ್ಣ ವಿಧಿಯನ್ನು ದಿವ್ಯ ಬಲಿಪೂಜೆ ಅಥವಾ ಸಂಕ್ಷೇಪವಾಗಿ ಪೂಜೆ ಎಂದೂ, ಅದರಲ್ಲಿ ಸ್ವೀಕರಿಸುವ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಪರಮ ಪ್ರಸಾದ ಎಂದೂ ಕರೆಯುತ್ತಾರೆ. ಕನ್ನಡ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಕರ್ತನ ಭೋಜನ, ಕರ್ತನ ರಾತ್ರಿಭೋಜನ ಎಂಬ ಹೆಸರುಗಳು ರೂಢಿಯಲ್ಲಿವೆ.

ಕರಾವಳಿ ಮತ್ತು ಮಲೆನಾಡಿನ ಕೊಂಕಣಿ ಕಥೋಲಿಕರು ಪೂಜೆಯನ್ನು ಮೀಸ್ ಎಂದೂ, ಪ್ರಸಾದ ಸ್ವೀಕಾರವನ್ನು ಕುಮ್ಗಾರ್ ಎಂದೂ ಹೇಳುತ್ತಾರೆ. ಇವೆರಡೂ ಪೋರ್ಚುಗೀಸ್ ಸಂಪರ್ಕದಿಂದ ಬಂದ ಪದಗಳು. ಕೇರಳ ಮೂಲದ ಸಿರಿಯನ್ ಕ್ರೈಸ್ತರು ಬಳಸುವ ಕುರ್ಬಾನ ಎಂಬ ಪದವು ಸಿರಿಯಾಕ್ ಭಾಷೆಯದು. ಅದರ ಅರ್ಥ ಅರ್ಪಣೆ. ಹೀಗೆ ಭೋಜನ, ಬಲಿ, ಅರ್ಪಣೆ, ಕೃತಜ್ಞತೆ, ಪ್ರಸಾದ ಎಂಬ ಐದು ಅರ್ಥಗಳು ಐದು ಹೆಸರುಗಳಲ್ಲಿ ಹಂಚಿಹೋಗಿವೆ.

ಬೈಬಲ್‌ನಲ್ಲಿ ಮೂಲ

ಕೊನೆಯ ಭೋಜನದ ವೃತ್ತಾಂತವು ಮತ್ತಾಯ (26), ಮಾರ್ಕ (14) ಮತ್ತು ಲೂಕ (22) ಬರೆದ ಶುಭಸಂದೇಶಗಳಲ್ಲಿದೆ. ಇವೆಲ್ಲಕ್ಕಿಂತ ಹಳೆಯ ಲಿಖಿತ ದಾಖಲೆ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11ನೆಯ ಅಧ್ಯಾಯದಲ್ಲಿ ದೊರೆಯುತ್ತದೆ. ಈ ಪತ್ರವನ್ನು ಸಾಮಾನ್ಯವಾಗಿ ಕ್ರಿ.ಶ. 53–55ರ ಸುಮಾರಿಗೆ ಸೇರಿದ್ದೆಂದು ವಿದ್ವಾಂಸರು ಪರಿಗಣಿಸುತ್ತಾರೆ. ಈ ವೃತ್ತಾಂತಗಳ ಪ್ರಕಾರ ಯೇಸು ರೊಟ್ಟಿಯನ್ನು ತಮ್ಮ ಶರೀರವೆಂದೂ, ಪಾನಪಾತ್ರೆಯನ್ನು ತಮ್ಮ ರಕ್ತದಲ್ಲಿ ಸ್ಥಾಪಿತವಾದ ಒಡಂಬಡಿಕೆಯೆಂದೂ ಹೇಳಿ ಶಿಷ್ಯರಿಗೆ ಕೊಟ್ಟರು. ತಮ್ಮ ಸ್ಮರಣೆಗಾಗಿ ಹೀಗೆ ಮಾಡುವಂತೆ ಆಜ್ಞಾಪಿಸಿದರೆಂದು ಪೌಲರ ಪತ್ರ ಮತ್ತು ಲೂಕನ ಶುಭಸಂದೇಶ ತಿಳಿಸುತ್ತವೆ. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯನ್ನು ನೆನೆಯುವ ಯೆಹೂದ್ಯರ ಪಾಸ್ಕ ಹಬ್ಬವೇ ಈ ಭೋಜನದ ಹಿನ್ನೆಲೆ.

ಯೊವಾನ್ನನ ಶುಭಸಂದೇಶದಲ್ಲಿ ಕೊನೆಯ ಭೋಜನದ ಸಂದರ್ಭದಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸದ ಮಾತುಗಳಿಲ್ಲ. ಅವುಗಳಿರಬೇಕಾದ ಸ್ಥಳದಲ್ಲಿ ಯೇಸು ಶಿಷ್ಯರ ಪಾದಗಳನ್ನು ತೊಳೆದ ಪ್ರಸಂಗವಿದೆ (13). ಆಳು ಮಾಡುವ ಕೆಲಸವನ್ನು ಗುರುವೇ ಮಾಡಿದ ಈ ಘಟನೆಯನ್ನು ಪರಮ ಪ್ರಸಾದದ ಅರ್ಥವಿವರಣೆಯೆಂದು ಅನೇಕ ವ್ಯಾಖ್ಯಾನಕಾರರು ಓದುತ್ತಾರೆ. ಅದೇ ಶುಭಸಂದೇಶದ 6ನೆಯ ಅಧ್ಯಾಯದಲ್ಲಿ ಜೀವದ ರೊಟ್ಟಿಯ ಕುರಿತ ದೀರ್ಘ ಬೋಧನೆ ಇದೆ. ಅದು ಐದು ಸಾವಿರ ಜನರಿಗೆ ಊಟವಿತ್ತ ಪ್ರಸಂಗದ ನಂತರ ಬರುತ್ತದೆ ಎಂಬುದು ಗಮನಾರ್ಹ.

ಕೊರಿಂಥದ ಸಭೆಗೆ ಪೌಲರು ಈ ವಿಷಯವನ್ನು ಬರೆಯಲು ಒಂದು ನಿರ್ದಿಷ್ಟ ಕಾರಣವಿತ್ತು. ಆಗ ಪ್ರಸಾದ ವಿಧಿಯು ನಿಜವಾದ ಊಟದೊಂದಿಗೇ ನಡೆಯುತ್ತಿತ್ತು. ಅನುಕೂಲವಂತರು ತಮ್ಮ ಊಟವನ್ನು ಮೊದಲೇ ತಿಂದು ಮುಗಿಸುತ್ತಿದ್ದರು. ಏನೂ ಇಲ್ಲದವರು ಹಸಿದೇ ಉಳಿಯುತ್ತಿದ್ದರು. ಹೀಗೆ ನಡೆದುಕೊಂಡರೆ ಅದು ಪ್ರಭುವಿನ ಭೋಜನವೇ ಅಲ್ಲವೆಂದು ಪೌಲರು ಖಂಡಿಸಿದರು. ಹೀಗಾಗಿ ಈ ವಿಧಿಯ ಅತ್ಯಂತ ಹಳೆಯ ದಾಖಲೆಯು ಪಂಕ್ತಿಭೇದದ ವಿರುದ್ಧದ ಎಚ್ಚರಿಕೆಯ ರೂಪದಲ್ಲಿ ಉಳಿದುಬಂದಿದೆ.

ಇತಿಹಾಸ

ಆದಿ ಧರ್ಮಸಭೆ

ಮೊದಲನೆಯ ಶತಮಾನದ ಕೊನೆ ಅಥವಾ ಎರಡನೆಯ ಶತಮಾನದ ಆರಂಭಕ್ಕೆ ಸೇರಿದ ದಿದಾಖೆ ಎಂಬ ಕೈಪಿಡಿಯಲ್ಲಿ ಪ್ರಸಾದದ ಪ್ರಾರ್ಥನೆಗಳಿವೆ. ಬೆಟ್ಟಗಳ ಮೇಲೆ ಚದುರಿದ್ದ ಧಾನ್ಯವು ಒಂದುಗೂಡಿ ರೊಟ್ಟಿಯಾದಂತೆ ಧರ್ಮಸಭೆಯೂ ಒಂದಾಗಬೇಕೆಂಬ ಆಶಯ ಅದರಲ್ಲಿದೆ. ಕ್ರಿ.ಶ. 155ರ ಸುಮಾರಿಗೆ ರೋಮಿನಲ್ಲಿ ಬರೆದ ಜಸ್ಟಿನ್ ಎಂಬ ರಕ್ತಸಾಕ್ಷಿಯು ಭಾನುವಾರದ ಆರಾಧನೆಯನ್ನು ವಿವರಿಸಿದ್ದಾರೆ. ವಾಚನ, ಪ್ರಬೋಧನೆ, ಪ್ರಾರ್ಥನೆ, ಅರ್ಪಣೆ, ಹಂಚಿಕೆ ಎಂಬ ಅಂದಿನ ಕ್ರಮ ಇಂದಿನ ಪೂಜೆಯಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ ಇದೆ. ಬರಲಾಗದವರ ಮನೆಗೆ ಸೇವಾದರ್ಶಿಗಳು ಪ್ರಸಾದವನ್ನು ಒಯ್ಯುತ್ತಿದ್ದರು. ಅದೇ ಕೂಟದಲ್ಲಿ ಸಂಗ್ರಹವಾದ ಕಾಣಿಕೆಯು ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು ಮತ್ತು ಪರಊರಿನವರಿಗೆ ಸಲ್ಲುತ್ತಿತ್ತು.

ಕ್ರಿ.ಶ. 304ರಲ್ಲಿ, ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್ನನ ಕಾಲದ ಹಿಂಸೆಯಲ್ಲಿ, ಇಂದಿನ ಟುನೀಶಿಯಕ್ಕೆ ಸೇರಿದ ಅಬಿತಿನೆ ಎಂಬ ಊರಿನ 49 ಕ್ರೈಸ್ತರು ನಿಷೇಧವನ್ನು ಮೀರಿ ಭಾನುವಾರದ ಪ್ರಸಾದ ವಿಧಿಗಾಗಿ ಸೇರಿದ್ದಕ್ಕೆ ಬಂಧಿತರಾಗಿ ಪ್ರಾಣತೆತ್ತರು. ಆ ಕೂಟವಿಲ್ಲದೆ ತಾವು ಬಾಳಲಾರೆವೆಂದು ಅವರು ವಿಚಾರಣೆಯಲ್ಲಿ ತಿಳಿಸಿದರೆಂದು ಪರಂಪರೆ ಹೇಳುತ್ತದೆ.

ಮಧ್ಯಯುಗ ಮತ್ತು ಧರ್ಮಸುಧಾರಣೆ

ಮಧ್ಯಯುಗದ ಪಶ್ಚಿಮ ಯುರೋಪಿನಲ್ಲಿ ಪ್ರಸಾದವನ್ನು ದರ್ಶಿಸಿ ಆರಾಧಿಸುವ ಭಕ್ತಿ ಬೆಳೆಯಿತು; ಆದರೆ ಜನಸಾಮಾನ್ಯರು ಅದನ್ನು ಸ್ವೀಕರಿಸುವುದು ಅಪರೂಪವಾಯಿತು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು ವರ್ಷಕ್ಕೊಮ್ಮೆಯಾದರೂ ಪಾಸ್ಕ ಕಾಲದಲ್ಲಿ ಪ್ರಸಾದವನ್ನು ಸ್ವೀಕರಿಸಬೇಕೆಂದು ವಿಧಿಸಿತು. 1264ರಲ್ಲಿ ನಾಲ್ಕನೆಯ ಅರ್ಬನ್ ಜಗದ್ಗುರುಗಳು ಕ್ರಿಸ್ತರ ಶರೀರದ ಮಹೋತ್ಸವವನ್ನು ಇಡೀ ಪಾಶ್ಚಾತ್ಯ ಧರ್ಮಸಭೆಗೆ ವಿಸ್ತರಿಸಿದರು. ಪರಮ ಪ್ರಸಾದದ ಮೆರವಣಿಗೆಗಳು ಈ ಹಬ್ಬದೊಂದಿಗೆ ಬೆಳೆದುಬಂದವು.

16ನೆಯ ಶತಮಾನದ ಸುಧಾರಕರು ಬಲಿಯ ಕಲ್ಪನೆಯನ್ನು ಪ್ರಶ್ನಿಸಿದರು. ಜನರ ಭಾಷೆಯಲ್ಲಿ ಆರಾಧನೆ ಹಾಗೂ ಎಲ್ಲರಿಗೂ ಪಾನಪಾತ್ರೆ ಬೇಕೆಂದು ವಾದಿಸಿದರು. 1529ರಲ್ಲಿ ಮಾರ್ಬುರ್ಗ್ ನಗರದಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಸೇರಿ ಚರ್ಚಿಸಿದ 15 ಅಂಶಗಳಲ್ಲಿ 14ಕ್ಕೆ ಒಪ್ಪಿಗೆಯಾಯಿತು. ಪ್ರಸಾದದಲ್ಲಿ ಕ್ರಿಸ್ತರು ಹೇಗೆ ಇರುತ್ತಾರೆ ಎಂಬ ಪ್ರಶ್ನೆಯಲ್ಲಿ ಮಾತ್ರ ಒಮ್ಮತ ಮೂಡಲಿಲ್ಲ. ಟ್ರೆಂಟ್ ಮಹಾಸಭೆಯು 1551ರಲ್ಲಿ ಕಥೋಲಿಕ ಬೋಧನೆಯನ್ನು ಮರುದೃಢಪಡಿಸಿತು.

ಆಧುನಿಕ ಕಾಲ

ಹತ್ತನೆಯ ಪಿಯುಸ್ ಜಗದ್ಗುರುಗಳ ಕಾಲದಲ್ಲಿ ಎರಡು ಮುಖ್ಯ ಬದಲಾವಣೆಗಳಾದವು. 1905ರ ಆಜ್ಞೆಯು ಪದೇಪದೇ, ಸಾಧ್ಯವಾದರೆ ಪ್ರತಿದಿನ, ಪ್ರಸಾದ ಸ್ವೀಕರಿಸಲು ಪ್ರೋತ್ಸಾಹಿಸಿತು. 1910ರ ಆಜ್ಞೆಯು ಸುಮಾರು ಏಳು ವರ್ಷದ ಮಕ್ಕಳಿಗೂ ಪ್ರಥಮ ಪರಮ ಪ್ರಸಾದಕ್ಕೆ ಅವಕಾಶ ನೀಡಿತು. 1963ರ ಡಿಸೆಂಬರ್ 4ರಂದು ಪ್ರಕಟವಾದ ಆರಾಧನಾ ವಿಧಿಯ ಸಂವಿಧಾನವು ಲ್ಯಾಟಿನ್ ಬದಲು ಜನರ ಭಾಷೆಗಳ ಬಳಕೆಗೆ ದಾರಿ ಮಾಡಿತು. 1964ರಲ್ಲಿ 38ನೆಯ ಅಂತರರಾಷ್ಟ್ರೀಯ ಪರಮ ಪ್ರಸಾದ ಸಮ್ಮೇಳನವು ಮುಂಬಯಿಯಲ್ಲಿ ನಡೆಯಿತು. ಅದಕ್ಕಾಗಿ ಆಗಮಿಸಿದ ಆರನೆಯ ಪೌಲ್, ಭಾರತಕ್ಕೆ ಭೇಟಿಯಿತ್ತ ಮೊದಲ ಜಗದ್ಗುರುಗಳಾದರು.

ಆಚರಣೆಯ ಕ್ರಮ

ಕಥೋಲಿಕ ಬಲಿಪೂಜೆಯಲ್ಲಿ ಎರಡು ಮುಖ್ಯ ಭಾಗಗಳಿವೆ.

ಮೊದಲನೆಯದು ದೈವವಾಕ್ಯ ವಿಧಿ. ಪಶ್ಚಾತ್ತಾಪದ ಪ್ರಾರ್ಥನೆಯ ನಂತರ ಬೈಬಲ್ ವಾಚನಗಳು, ಕೀರ್ತನೆ, ಶುಭಸಂದೇಶ, ಗುರುಗಳ ಪ್ರಬೋಧನೆ ಮತ್ತು ವಿಶ್ವಾಸಿಗಳ ಪ್ರಾರ್ಥನೆ ನಡೆಯುತ್ತವೆ.

ಎರಡನೆಯದು ಪರಮ ಪ್ರಸಾದ ವಿಧಿ. ಜನರು ತಂದ ರೊಟ್ಟಿ, ದ್ರಾಕ್ಷಾರಸ ಮತ್ತು ಕಾಣಿಕೆಗಳನ್ನು ಬಲಿಪೀಠಕ್ಕೆ ಒಯ್ಯಲಾಗುತ್ತದೆ. ಗುರುಗಳು ಕೃತಜ್ಞತಾ ಪ್ರಾರ್ಥನೆಯಲ್ಲಿ ಕೊನೆಯ ಭೋಜನದ ಮಾತುಗಳನ್ನು ಉಚ್ಚರಿಸುತ್ತಾರೆ. ಪ್ರಭು ಕಲಿಸಿದ ಪ್ರಾರ್ಥನೆ, ಶಾಂತಿಯ ವಿನಿಮಯ ಮತ್ತು ರೊಟ್ಟಿ ಮುರಿಯುವಿಕೆಯ ಬಳಿಕ ಜನರು ಸಾಲಾಗಿ ಬಂದು ಪ್ರಸಾದವನ್ನು ಸ್ವೀಕರಿಸುತ್ತಾರೆ. ಕೊನೆಗೆ ಆಶೀರ್ವಾದ ನೀಡಿ ಜನರನ್ನು ಕಳುಹಿಸಲಾಗುತ್ತದೆ. ಮೀಸ್, ಮಾಸ್ ಎಂಬ ಹೆಸರುಗಳ ಮೂಲವಾದ ಲ್ಯಾಟಿನ್ ಪದದ ಅರ್ಥವೂ ಕಳುಹಿಸುವಿಕೆಯೇ ಆಗಿದೆ.

ಪ್ರಸಾದ ಸ್ವೀಕರಿಸುವ ಮುನ್ನ ಕನಿಷ್ಠ ಒಂದು ಗಂಟೆ ಉಪವಾಸವಿರುವುದು ಇಂದಿನ ಕಥೋಲಿಕ ನಿಯಮ. ನೀರು ಮತ್ತು ಔಷಧಿಗೆ ವಿನಾಯಿತಿ ಇದೆ. ಗಂಭೀರ ಪಾಪದ ಅರಿವಿರುವವರು ಮೊದಲು ಪಾಪನಿವೇದನೆ ಮಾಡಬೇಕು. ಉಳಿದ ಪ್ರಸಾದವನ್ನು ದೇವಾಲಯದಲ್ಲಿ ಭದ್ರವಾದ ಪೆಟ್ಟಿಗೆಯಲ್ಲಿ ಇರಿಸಲಾಗುತ್ತದೆ. ಅದರ ಬಳಿ ಸದಾ ಉರಿಯುವ ದೀಪವಿರುತ್ತದೆ. ಹೀಗೆ ಇರಿಸುವುದರ ಮೊದಲ ಉದ್ದೇಶ ರೋಗಿಗಳಿಗೂ ಮರಣಾಸನ್ನರಿಗೂ ಒಯ್ಯುವುದು. ಮರಣಾಸನ್ನರಿಗೆ ನೀಡುವ ಪ್ರಸಾದವನ್ನು ಲ್ಯಾಟಿನ್‌ನಲ್ಲಿ ಸೂಚಿಸುವ ಪದಕ್ಕೆ ಕನ್ನಡದ ‘ದಾರಿಯ ಬುತ್ತಿ’ ಎಂಬ ಮಾತು ಸರಿಹೊಂದುತ್ತದೆ.

ರೊಟ್ಟಿ ಮತ್ತು ದ್ರಾಕ್ಷಾರಸ

ಕಥೋಲಿಕ ನಿಯಮದಂತೆ ರೊಟ್ಟಿಯು ಗೋಧಿಯದೇ ಆಗಿರಬೇಕು. ದ್ರಾಕ್ಷಾರಸವು ದ್ರಾಕ್ಷಿಯಿಂದಲೇ ತಯಾರಾಗಿರಬೇಕು. ಲ್ಯಾಟಿನ್ ವಿಧಿಯಲ್ಲಿ ಹುಳಿಯಿಲ್ಲದ ಹಿಟ್ಟಿನ ತೆಳುವಾದ ಬಿಲ್ಲೆಯನ್ನು ಬಳಸುತ್ತಾರೆ. ಅದಕ್ಕೆ ಓಸ್ತಿ ಎಂಬ ಹೆಸರಿದೆ. ಪೂರ್ವದ ಬಹುತೇಕ ಆರ್ಥೊಡಾಕ್ಸ್ ಸಭೆಗಳು ಹುದುಗಿಸಿದ ರೊಟ್ಟಿಯನ್ನು ಬಳಸುತ್ತವೆ. ಗೋಧಿಯ ಅಂಶ ಒಗ್ಗದ ರೋಗಿಗಳಿಗೆ ಅದರ ಪ್ರಮಾಣ ಬಹಳ ಕಡಿಮೆಯಿರುವ ಬಿಲ್ಲೆಗೆ ಅನುಮತಿಯಿದೆ. ಅನೇಕ ಪ್ರೊಟೆಸ್ಟೆಂಟ್ ಸಭೆಗಳು ಹುದುಗಿಸದ ದ್ರಾಕ್ಷಿರಸವನ್ನು ಉಪಯೋಗಿಸುತ್ತವೆ.

ಭತ್ತ ಮತ್ತು ಮೆಕ್ಕೆಜೋಳ ಬೆಳೆಯುವ, ಅನ್ನವೇ ಊಟವಾದ ಪ್ರದೇಶಗಳಲ್ಲಿ ಈ ನಿಯಮವು ಒಂದು ಪ್ರಶ್ನೆಯನ್ನು ಎತ್ತುತ್ತದೆ. ಪ್ರಾರ್ಥನೆಯಲ್ಲಿ ಭೂಮಿಯ ಫಲವೆಂದೂ ಮಾನವ ದುಡಿಮೆಯ ಫಲವೆಂದೂ ಅರ್ಪಿಸುವ ವಸ್ತು ಅಲ್ಲಿನ ಗದ್ದೆಯದಲ್ಲ. ಪ್ಯಾಲೆಸ್ತೀನಿನಲ್ಲಿ ಒಮ್ಮೆ ನಡೆದ ಘಟನೆಯೊಂದಿಗಿನ ನಂಟನ್ನು ಉಳಿಸಿಕೊಳ್ಳುವುದು ನಿಯಮದ ಉದ್ದೇಶವೆಂದು ಧರ್ಮಸಭೆ ವಿವರಿಸುತ್ತದೆ. ಪ್ರತಿ ನಾಡಿನ ನಿತ್ಯಾಹಾರವೇ ಹೆಚ್ಚು ಅರ್ಥಪೂರ್ಣವೆಂದು ಏಷ್ಯಾ ಮತ್ತು ಆಫ್ರಿಕದ ಕೆಲವು ದೈವಶಾಸ್ತ್ರಜ್ಞರು ವಾದಿಸಿದ್ದಾರೆ. ಕಾಣಿಕೆ ಸಮರ್ಪಣೆಯಲ್ಲಿ ಅಕ್ಕಿ, ತೆಂಗು, ಹಣ್ಣುಗಳನ್ನು ತರುವುದು ಮತ್ತು ಸೆಪ್ಟೆಂಬರ್ 8ರಂದು ಕೊಂಕಣಿ ಕಥೋಲಿಕರು ಆಚರಿಸುವ ಮೊಂತಿ ಹಬ್ಬವು ಈ ಅಂತರವನ್ನು ಸ್ವಲ್ಪ ಮಟ್ಟಿಗೆ ತುಂಬುತ್ತವೆ. ಮೊಂತಿ ಹಬ್ಬದಂದು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ, ಪೂಜೆಯ ನಂತರ ಮನೆಗೆ ಒಯ್ದು, ಕುಟುಂಬದವರೆಲ್ಲ ಒಟ್ಟಾಗಿ ಹೊಸಕ್ಕಿಯ ಊಟ ಮಾಡುತ್ತಾರೆ.

ವಿವಿಧ ಸಭೆಗಳ ತಿಳಿವಳಿಕೆ

ಕಥೋಲಿಕ ಬೋಧನೆಯಂತೆ ಅರ್ಪಣೆಯ ಪ್ರಾರ್ಥನೆಯ ನಂತರ ರೊಟ್ಟಿ ಮತ್ತು ದ್ರಾಕ್ಷಾರಸದ ಬಣ್ಣ, ರುಚಿ, ಆಕಾರಗಳು ಹಾಗೆಯೇ ಉಳಿದರೂ ಅವುಗಳ ಸತ್ವವು ಕ್ರಿಸ್ತರ ಶರೀರ ಮತ್ತು ರಕ್ತವಾಗಿ ಮಾರ್ಪಡುತ್ತದೆ. ಕ್ರಿಸ್ತರ ಬಲಿ ಮತ್ತೊಮ್ಮೆ ನಡೆಯುವುದಿಲ್ಲ. ಶಿಲುಬೆಯ ಒಂದೇ ಬಲಿ ಅಲ್ಲಿ ಪ್ರಸ್ತುತವಾಗುತ್ತದೆ ಎಂಬುದು ಅದರ ನಿಲುವು. ಆರ್ಥೊಡಾಕ್ಸ್ ಸಭೆಗಳು ಮಾರ್ಪಾಡನ್ನು ನಂಬುತ್ತವೆಯಾದರೂ ಅದನ್ನು ತರ್ಕದಿಂದ ವಿವರಿಸಲು ಮುಂದಾಗುವುದಿಲ್ಲ. ಪವಿತ್ರಾತ್ಮರ ಆವಾಹನೆಗೆ ಹೆಚ್ಚು ಒತ್ತು ನೀಡುತ್ತವೆ.

ಲೂಥರನ್ ಸಭೆಗಳು ರೊಟ್ಟಿ ರೊಟ್ಟಿಯಾಗಿಯೇ ಉಳಿಯುವಾಗಲೂ ಕ್ರಿಸ್ತರು ಅದರೊಂದಿಗೆ ನಿಜವಾಗಿ ಇರುತ್ತಾರೆಂದು ನಂಬುತ್ತವೆ. ಕ್ಯಾಲ್ವಿನ್ ಪರಂಪರೆಯು ಆತ್ಮಿಕ ಸಾನ್ನಿಧ್ಯವನ್ನು ಹೇಳುತ್ತದೆ. ಬ್ಯಾಪ್ಟಿಸ್ಟ್ ಮತ್ತು ಬಹುತೇಕ ಪೆಂತೆಕೋಸ್ತ್ ಸಭೆಗಳಲ್ಲಿ ಇದು ಮುಖ್ಯವಾಗಿ ಸ್ಮರಣೆಯ ಭೋಜನ. ಸಾಲ್ವೇಶನ್ ಆರ್ಮಿ ಮತ್ತು ಕ್ವೇಕರ್ ಪಂಥಗಳಲ್ಲಿ ಈ ವಿಧಿಯೇ ಇಲ್ಲ. 1982ರಲ್ಲಿ ಜಾಗತಿಕ ಸಭೆಗಳ ಒಕ್ಕೂಟದ ಆಯೋಗವು ಪೆರು ದೇಶದ ಲಿಮಾದಲ್ಲಿ ಅಂಗೀಕರಿಸಿದ ದಾಖಲೆಯು ಕೃತಜ್ಞತೆ, ಸ್ಮರಣೆ, ಆತ್ಮದ ಆವಾಹನೆ, ಸಹಭಾಗಿತ್ವ ಮತ್ತು ದೇವರಾಜ್ಯದ ಭೋಜನ ಎಂಬ ಐದು ಅಂಶಗಳಲ್ಲಿ ಸಮಾನ ನೆಲೆಯನ್ನು ಗುರುತಿಸಿತು.

ಕ್ರೈಸ್ತ ಜೀವನದಲ್ಲಿ ಅರ್ಥ

ಸ್ಮರಣೆ: ಇಲ್ಲಿ ಸ್ಮರಣೆಯೆಂದರೆ ಕಳೆದುಹೋದುದನ್ನು ನೆನಪಿಸಿಕೊಳ್ಳುವುದಷ್ಟೇ ಅಲ್ಲ. ಪಾಸ್ಕ ಭೋಜನಕ್ಕೆ ಕುಳಿತ ಯೆಹೂದ್ಯರು ತಾವೇ ಈಜಿಪ್ಟಿನಿಂದ ಹೊರಬಂದವರೆಂದು ಭಾವಿಸುವಂತೆ, ಕ್ರೈಸ್ತರು ಆ ರಾತ್ರಿಯ ಭೋಜನಕ್ಕೆ ತಾವೂ ಆಹ್ವಾನಿತರೆಂದು ಭಾವಿಸುತ್ತಾರೆ.

ಕೃತಜ್ಞತೆ: ಮರಣದ ಹೊಸ್ತಿಲಲ್ಲಿ ನಿಂತು ಯೇಸು ಕೃತಜ್ಞತೆ ಸಲ್ಲಿಸಿದರೆಂಬುದು ವಿಶ್ವಾಸಿಗಳಿಗೆ ಸಂಕಟದ ಕಾಲದಲ್ಲಿಯೂ ಮಾದರಿಯಾಗಿದೆ. ಶವಸಂಸ್ಕಾರದ ದಿನ ಹಾಗೂ ವರ್ಷಾಂತಿಕದಂದು ಪೂಜೆ ಅರ್ಪಿಸುವ ರೂಢಿ ಇದಕ್ಕೆ ಹೊಂದಿಕೊಂಡಿದೆ.

ಐಕ್ಯ: ಒಂದೇ ರೊಟ್ಟಿಯಲ್ಲಿ ಪಾಲು ಪಡೆಯುವ ಅನೇಕರು ಒಂದೇ ಶರೀರವೆಂದು ಪೌಲರು ಬೋಧಿಸಿದರು. ಜಗಳವಾಡಿದವರು ಕಾಣಿಕೆ ಅರ್ಪಿಸುವ ಮುನ್ನ ಸಮಾಧಾನ ಮಾಡಿಕೊಳ್ಳಬೇಕೆಂಬ ಯೇಸುವಿನ ಬೋಧನೆಗೆ ಶಾಂತಿಯ ವಿನಿಮಯವು ಆಚರಣೆಯ ರೂಪ ನೀಡುತ್ತದೆ.

ಸೇವೆ: ಪವಿತ್ರ ಗುರುವಾರದ ಪೂಜೆಯಲ್ಲಿ ಗುರುಗಳು ಸಭೆಯ ಕೆಲವರ ಪಾದಗಳನ್ನು ತೊಳೆಯುತ್ತಾರೆ. ಬಲಿಪೀಠದಲ್ಲಿ ಕ್ರಿಸ್ತರ ಶರೀರವನ್ನು ಗೌರವಿಸಿ, ಹೊರಗೆ ಬಟ್ಟೆಯಿಲ್ಲದೆ ನಡುಗುವ ಬಡವನಲ್ಲಿ ಅದನ್ನು ಕಡೆಗಣಿಸುವುದು ಸಲ್ಲದೆಂದು 4ನೆಯ ಶತಮಾನದಲ್ಲಿಯೇ ಸಂತ ಜಾನ್ ಕ್ರಿಸೋಸ್ಟೋಮ್ ಬೋಧಿಸಿದ್ದರು.

ನಿರೀಕ್ಷೆ: ಈ ಭೋಜನವು ಮುಂದೆ ದೇವರಾಜ್ಯದಲ್ಲಿ ಎಲ್ಲರೂ ಒಟ್ಟಾಗಿ ಕುಳಿತುಕೊಳ್ಳುವ ಔತಣದ ಮುನ್ಸೂಚನೆಯೆಂದು ತಿಳಿಯಲಾಗುತ್ತದೆ.

ಕರ್ನಾಟಕದಲ್ಲಿ

1640ರ ದಶಕದ ಕೊನೆಯಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಆರಂಭಿಸಿದರು. ಕರಾವಳಿಯಲ್ಲಿ ಗೋವೆಯಿಂದ ವಲಸೆ ಬಂದ ಕೊಂಕಣಿ ಕಥೋಲಿಕರು ಕೆಳದಿ ಅರಸರ ಆಳ್ವಿಕೆಯಲ್ಲಿ ನೆಲೆಸಿದರು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದಿತು. ಹಳೆಯ ಮೈಸೂರು ಸಂಸ್ಥಾನದ ಪ್ರದೇಶಗಳಲ್ಲಿ ವೆಸ್ಲಿಯನ್ ಮಿಷನ್ ಕೆಲಸ ಮಾಡಿತು.

ದಕ್ಷಿಣ ಭಾರತದ ಸಭೆಗಳಲ್ಲಿ ಪ್ರಸಾದದ ಮುಂದೆ ಬಂದ ಅತ್ಯಂತ ಕಠಿಣ ಪ್ರಶ್ನೆ ಜಾತಿಯದಾಗಿತ್ತು. ಪ್ರತ್ಯೇಕ ಆಸನ ಮತ್ತು ಒಂದೇ ಪಾನಪಾತ್ರೆಯಿಂದ ಕುಡಿಯಲು ನಿರಾಕರಣೆ ಕೊರಿಂಥದ ಸಮಸ್ಯೆಯ ಇನ್ನೊಂದು ರೂಪವೇ ಆಗಿದ್ದವು. 1833ರಲ್ಲಿ ಕಲ್ಕತ್ತದ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ ತಮ್ಮ ಸಭೆಗಳಲ್ಲಿ ಜಾತಿಭೇದವನ್ನು ಕೂಡಲೇ ಕೈಬಿಡಬೇಕೆಂದು ಪತ್ರ ಹೊರಡಿಸಿದಾಗ ತಮಿಳು ಪ್ರದೇಶದಲ್ಲಿ ಅನೇಕರು ಸಭೆಗಳನ್ನು ತೊರೆದರು. ದಲಿತ ಕ್ರೈಸ್ತ ಚಿಂತಕರು ಇಂದಿಗೂ ಈ ಭೋಜನವನ್ನೇ ಸಮಾನತೆಯ ಅಳತೆಗೋಲಾಗಿ ಬಳಸುತ್ತಾರೆ.

1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟೆಂಟ್ ಪರಂಪರೆಗಳು ಸೇರಿ ದಕ್ಷಿಣ ಭಾರತ ಸಭೆಯಾದಾಗ ಅವರೆಲ್ಲರೂ ಒಂದೇ ಮೇಜಿನಲ್ಲಿ ಪಾಲ್ಗೊಳ್ಳುವುದು ಸಾಧ್ಯವಾಯಿತು. 1950ರಲ್ಲಿ ಸಿದ್ಧವಾದ ಅದರ ಪ್ರಭು ಭೋಜನದ ಕ್ರಮದಲ್ಲಿ ಸಿರಿಯನ್ ಪರಂಪರೆಯಂತೆ ಕೈಯಿಂದ ಕೈಗೆ ಶಾಂತಿಯನ್ನು ಸಾಗಿಸುವ ವಿಧಿಯನ್ನು ಸೇರಿಸಲಾಯಿತು.

1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ವಿಧಿ ಕೇಂದ್ರವು ಡಿ. ಎಸ್. ಅಮಲೋರ್ಪವದಾಸ್ ಅವರ ನೇತೃತ್ವದಲ್ಲಿ ಆರಾಧನೆಯ ಭಾರತೀಕರಣಕ್ಕೆ ಶ್ರಮಿಸಿತು. 1969ರಲ್ಲಿ ರೋಮ್ ಒಪ್ಪಿದ ಹನ್ನೆರಡು ಅಂಶಗಳಲ್ಲಿ ನೆಲದ ಮೇಲೆ ಕುಳಿತು ಆರಾಧಿಸುವುದು, ಪಂಚಾಂಗ ಪ್ರಣಾಮ, ಕೈಮುಗಿದು ಶಾಂತಿ ಕೋರುವುದು ಮತ್ತು ಆರತಿ ಸೇರಿವೆ. ಇವುಗಳನ್ನು ಸ್ವಾಗತಿಸಿದವರಂತೆ ವಿರೋಧಿಸಿದವರೂ ಇದ್ದರು. ಮಂಗಳೂರಿನಲ್ಲಿ ವರ್ಷದ ಆರಂಭದಲ್ಲಿ ಪರಮ ಪ್ರಸಾದದ ಬೃಹತ್ ಮೆರವಣಿಗೆ ನಡೆಯುತ್ತದೆ.

ಶಿಕಾರಿಪುರ ಮತ್ತು ಸೊರಬ ಪರಿಸರದಲ್ಲಿ

ಶಿಕಾರಿಪುರ ಮತ್ತು ಸೊರಬ ಶಿವಮೊಗ್ಗ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ಲ್ಯಾಟಿನ್ ವಿಧಿಯ ಕಥೋಲಿಕರಿಗೆ ಸಂಬಂಧಿಸಿದಂತೆ ಈ ಪ್ರದೇಶವು ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದೆ. ಚಿಕ್ಕಮಗಳೂರು ಧರ್ಮಕ್ಷೇತ್ರವನ್ನು ವಿಭಜಿಸಿ 1988ರ ನವೆಂಬರ್ 14ರಂದು ಅದನ್ನು ರಚಿಸಲಾಯಿತು. ಅದರ ಪ್ರಧಾನಾಲಯವಾದ ಪವಿತ್ರ ಹೃದಯದ ದೇವಾಲಯವು ಶಿವಮೊಗ್ಗ ನಗರದಲ್ಲಿದೆ. ಸೀರೊ-ಮಲಬಾರ್ ವಿಧಿಯ ಕಥೋಲಿಕರಿಗಾಗಿ 2007ರಲ್ಲಿ ಭದ್ರಾವತಿ ಧರ್ಮಕ್ಷೇತ್ರವನ್ನು ಸ್ಥಾಪಿಸಲಾಯಿತು. ಅದರ ಮೊದಲ ಧರ್ಮಾಧ್ಯಕ್ಷರಾದ ಮಾರ್ ಜೋಸೆಫ್ ಎರುಮಚಾಡತ್ತ್ ಅವರು, 1933ರಲ್ಲಿ ಕೇರಳದಲ್ಲಿ ಆರಂಭವಾದ, ಪರಮ ಪ್ರಸಾದಕ್ಕೆ ಸಮರ್ಪಿತವಾದ ಗುರುಗಳ ಸಂಘಕ್ಕೆ ಸೇರಿದವರು.

ವಿಶ್ವಾಸಿಗಳು ಹಳ್ಳಿಗಳಲ್ಲಿ ಚದುರಿರುವ ಇಂತಹ ಪ್ರದೇಶಗಳಲ್ಲಿ ಭಾನುವಾರದ ಪೂಜೆಗೆ ಬರುವುದೆಂದರೆ ಪ್ರಯಾಣವೂ ಹೌದು. ಗುರುಗಳು ಲಭ್ಯವಿಲ್ಲದ ಕಡೆ ನಡೆಸಬಹುದಾದ ದೈವವಾಕ್ಯದ ಆರಾಧನೆಗೆ ರೋಮ್ 1988ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರಂತೆ ಸೇವಾದರ್ಶಿ ಅಥವಾ ನಿಯೋಜಿತ ಶ್ರೀಸಾಮಾನ್ಯರು ವಾಚನ ಮತ್ತು ಪ್ರಾರ್ಥನೆಯನ್ನು ನಡೆಸಿ, ಮೊದಲೇ ಅರ್ಪಿತವಾಗಿ ಇರಿಸಲಾದ ಪ್ರಸಾದವನ್ನು ಹಂಚಬಹುದು. ಆದರೆ ಅದು ಬಲಿಪೂಜೆಗೆ ಸಮನಲ್ಲ. 2020ರ ಮಾರ್ಚ್‌ನಿಂದ ಕೊರೊನಾ ಸೋಂಕಿನ ಕಾರಣ ದೇವಾಲಯಗಳು ಮುಚ್ಚಿದಾಗ ದೊಡ್ಡ ಊರುಗಳ ವಿಶ್ವಾಸಿಗಳೂ ಪ್ರಸಾದವಿಲ್ಲದ ಭಾನುವಾರಗಳನ್ನು ಕಂಡರು. ಪೂಜೆಯನ್ನು ದೂರದರ್ಶನ ಅಥವಾ ಮೊಬೈಲ್‌ನಲ್ಲಿ ನೋಡಿ, ಮನಸ್ಸಿನಲ್ಲಿಯೇ ಪ್ರಸಾದವನ್ನು ಬಯಸುವ ಆತ್ಮಿಕ ಸ್ವೀಕಾರವೊಂದೇ ಆಗ ಉಳಿದ ದಾರಿಯಾಗಿತ್ತು.

ಪ್ರಸಾದ ಮತ್ತು ಪರಮ ಪ್ರಸಾದ

ಅಕ್ಕಮಹಾದೇವಿಯ ಜನ್ಮಸ್ಥಳವೆಂದು ಹೇಳಲಾಗುವ ಉಡುತಡಿಯೂ ಅಲ್ಲಮಪ್ರಭುವಿನ ಊರೆನ್ನಲಾದ ಬಳ್ಳಿಗಾವಿಯೂ ಶಿಕಾರಿಪುರ ತಾಲ್ಲೂಕಿನಲ್ಲಿವೆ. ಶರಣ ಪರಂಪರೆಯಲ್ಲಿ ಪ್ರಸಾದವು ಅಷ್ಟಾವರಣಗಳಲ್ಲಿ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಬಳ್ಳಿಗಾವಿಯ ಕೋಡಿಮಠದ 1162ರ ಶಾಸನವು ಆ ಮಠವನ್ನು ವಿದ್ಯಾಕೇಂದ್ರವಾಗಿ ಮಾತ್ರವಲ್ಲದೆ ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನವಿಕ್ಕುವ ಮತ್ತು ರೋಗಿಗಳಿಗೆ ಚಿಕಿತ್ಸೆ ನೀಡುವ ಸ್ಥಳವಾಗಿಯೂ ವರ್ಣಿಸುತ್ತದೆ. ಆರಾಧನೆ ಮತ್ತು ಅನ್ನದಾನ ಒಂದಕ್ಕೊಂದು ಸೇರಿದವೆಂಬ ತಿಳಿವಳಿಕೆ ಈ ನೆಲದಲ್ಲಿ ಹೀಗೆ ಹಳೆಯದು.

ಪ್ರಸಾದವೆಂಬ ಪದದಲ್ಲಿ ಅನುಗ್ರಹ, ಪ್ರಸನ್ನತೆ ಎಂಬ ಅರ್ಥಗಳಿವೆ. ಅದು ಗಳಿಸಿದ್ದಲ್ಲ, ಕೃಪೆಯಿಂದ ದೊರೆತದ್ದು. ದೇವರಿಗೆ ಅರ್ಪಿಸಿದ್ದನ್ನು ದೇವರಿಂದಲೇ ಮರಳಿ ಪಡೆಯುವುದು, ಅದನ್ನು ಹಂಚಿಕೊಳ್ಳುವುದು ಮತ್ತು ಚೆಲ್ಲದೆ ಗೌರವದಿಂದ ಸೇವಿಸುವುದು ಎರಡೂ ಕಡೆ ಸಮಾನ. ಈ ಕಾರಣದಿಂದ ಪರಮ ಪ್ರಸಾದವೆಂಬ ಹೆಸರು ಕನ್ನಡ ಓದುಗರಿಗೆ ಬೇಗನೆ ಅರ್ಥವಾಗುತ್ತದೆ.

ವ್ಯತ್ಯಾಸಗಳೂ ಇವೆ. ಕ್ರೈಸ್ತ ವಿಶ್ವಾಸದಲ್ಲಿ ಇಲ್ಲಿ ಅರ್ಪಿತವಾಗುವುದು ಆಹಾರವಷ್ಟೇ ಅಲ್ಲ, ಕ್ರಿಸ್ತರ ಜೀವವೇ, ಸ್ವೀಕರಿಸುವುದೂ ಕ್ರಿಸ್ತರನ್ನೇ. ಇತಿಹಾಸದ ಒಂದು ಮರಣದೊಂದಿಗೆ ಅದರ ಸಂಬಂಧವಿದೆ. ಇನ್ನೊಂದು ವ್ಯತ್ಯಾಸ ನಿತ್ಯಜೀವನದಲ್ಲಿ ಎದುರಾಗುತ್ತದೆ. ಗುಡಿ ಅಥವಾ ಮಠದ ಪ್ರಸಾದವನ್ನು ಸಾಮಾನ್ಯವಾಗಿ ಬಂದವರಿಗೆಲ್ಲ ನೀಡುತ್ತಾರೆ. ಪರಮ ಪ್ರಸಾದವನ್ನು ಹಾಗೆ ನೀಡುವುದಿಲ್ಲ. ಹೆಸರು ತೆರೆದಿರುವಂತೆ ತೋರಿದರೂ ನಿಯಮವು ಮಿತಿಯನ್ನು ಹಾಕುತ್ತದೆ.

ಸ್ವೀಕರಿಸುವವರು ಮತ್ತು ಅತಿಥಿಗಳು

ಕಥೋಲಿಕ ಸಭೆಯಲ್ಲಿ ದೀಕ್ಷಾಸ್ನಾನ ಪಡೆದು, ಪ್ರಥಮ ಪರಮ ಪ್ರಸಾದಕ್ಕೆ ಸಿದ್ಧತೆ ಮಾಡಿಕೊಂಡ ಕಥೋಲಿಕರು ಪ್ರಸಾದವನ್ನು ಸ್ವೀಕರಿಸುತ್ತಾರೆ. ಇತರ ಕ್ರೈಸ್ತರಿಗೆ ವಿಶೇಷ ಸಂದರ್ಭಗಳಲ್ಲಿ ಮಾತ್ರ ಅವಕಾಶವಿದೆ. ಅನೇಕ ಪ್ರೊಟೆಸ್ಟೆಂಟ್ ಸಭೆಗಳು ಇತರ ಸಭೆಗಳ ದೀಕ್ಷಾಸ್ನಾನಿತರನ್ನೂ ಆಹ್ವಾನಿಸುತ್ತವೆ. ಸ್ವೀಕಾರವು ಆತಿಥ್ಯದ ಸೂಚನೆಯಷ್ಟೇ ಅಲ್ಲದೆ ವಿಶ್ವಾಸದ ಘೋಷಣೆಯೂ ಆಗಿರುವುದರಿಂದ ಈ ಮಿತಿ ಇದೆಯೆಂಬುದು ಧರ್ಮಸಭೆಯ ವಿವರಣೆ. ಕ್ರೈಸ್ತರ ನಡುವಿನ ಒಡಕು ಇದೇ ಮೇಜಿನ ಬಳಿ ಎದ್ದುಕಾಣುತ್ತದೆಂಬುದನ್ನು ಧರ್ಮಸಭೆಗಳೇ ನೋವಿನಿಂದ ಒಪ್ಪಿಕೊಂಡಿವೆ. ಬೇರೆ ಬೇರೆ ಸಭೆಗಳಿಗೆ ಸೇರಿದ ದಂಪತಿಗಳು ಭಾನುವಾರಗಳಲ್ಲಿ ಇದನ್ನು ಅನುಭವಿಸುತ್ತಾರೆ.

ಮದುವೆ, ಪ್ರಥಮ ಪರಮ ಪ್ರಸಾದ ಅಥವಾ ಶವಸಂಸ್ಕಾರದ ಪೂಜೆಗೆ ಬರುವ ಇತರ ಧರ್ಮಗಳ ಬಂಧುಮಿತ್ರರು ಆರಾಧನೆಯಲ್ಲಿ ಮುಕ್ತವಾಗಿ ಹಾಜರಿರಬಹುದು. ಪ್ರಸಾದದ ಸಾಲಿಗೆ ಹೋಗದೆ ತಮ್ಮ ಸ್ಥಳದಲ್ಲಿಯೇ ಉಳಿಯುವುದು ಅಗೌರವವಲ್ಲ. ಕೆಲವೆಡೆ ಅವರು ಎದೆಯ ಮೇಲೆ ಕೈಕಟ್ಟಿ ಬಂದು ಗುರುಗಳ ಆಶೀರ್ವಾದ ಪಡೆಯುವ ರೂಢಿಯಿದೆ. ಆರ್ಥೊಡಾಕ್ಸ್ ಪರಂಪರೆಯ ಅನೇಕ ಸಭೆಗಳಲ್ಲಿ, ಅರ್ಪಿತವಾಗದೆ ಆಶೀರ್ವದಿಸಲ್ಪಟ್ಟ ರೊಟ್ಟಿಯನ್ನು ಆರಾಧನೆಯ ಕೊನೆಯಲ್ಲಿ ಪ್ರಸಾದ ಸ್ವೀಕರಿಸದವರಿಗೂ ನೀಡುತ್ತಾರೆ.

ಧರ್ಮಕೇಂದ್ರಗಳ ಹಬ್ಬದಲ್ಲಿ ಪೂಜೆಯ ನಂತರ ಊಟದ ವ್ಯವಸ್ಥೆ ಇರುವ ಕಡೆ ಆ ಪಂಕ್ತಿ ಎಲ್ಲರಿಗೂ ತೆರೆದಿರುತ್ತದೆ. ಆದಿ ಧರ್ಮಸಭೆಯಲ್ಲಿ ಪ್ರಸಾದ ವಿಧಿಯೊಂದಿಗೆ ನಡೆಯುತ್ತಿದ್ದ ಪ್ರೀತಿಭೋಜನದ ನೆರಳನ್ನು ಇದರಲ್ಲಿ ಕಾಣಬಹುದು. ಯಾರೊಬ್ಬರೂ ಹಸಿದು ಹಿಂದಿರುಗಬಾರದೆಂಬ ಪೌಲರ ಎಚ್ಚರಿಕೆ ಅನ್ವಯವಾಗುವುದೂ ಈ ಪಂಕ್ತಿಯಲ್ಲಿಯೇ.

ಇವನ್ನೂ ನೋಡಿ

ಯೇಸುವಿನ ಕೊನೆಯ ಭೋಜನ
ದೀಕ್ಷಾಸ್ನಾನ
ಪವಿತ್ರ ಗುರುವಾರ
ಅಷ್ಟಾವರಣ
ದಾಸೋಹ
ಬಳ್ಳಿಗಾವಿ